ಮಹಾರಾಯ್ತಿಯ ಹೆರಿಗೆಗೆ ಹೊಲಿದ ಪರದೆ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ಪರದೆ ಅಕ್ಕ ಮದ್ದು ಬೇಕೆಂದು ಯಾರನ್ನೂ ಕೇಳಿದವಳೂ ಅಲ್ಲ. ಅದು ಅವಳ ಜೊತೆಗೇ ಹುಟ್ಟಿ, ಜೊತೆಗೇ ಬೆಳೆದು, ಐವತ್ತು ದಾಟಿದ ಮೇಲೂ ದಿನಾ ಬೆಳಗ್ಗೆ ಅವಳಿಗಿಂತ ಒಂದು ಗಳಿಗೆ ಮುಂಚೆಯೇ ಏಳುತ್ತಿತ್ತು. ಚಿಕ್ಕವಳಿದ್ದಾಗ ತಂಗಿಯ ತೊಟ್ಟಿಲನ್ನು ತನ್ನದಕ್ಕಿಂತ ಹೆಚ್ಚು ಹೊತ್ತು ತೂಗುತ್ತಾರೆ ಎಂದು ಹಟ ಹಿಡಿದು ಅತ್ತಿದ್ದಳಂತೆ. ಇದನ್ನು ಅವಳ ತಾಯಿಯೇ ಹೇಳಿ ನಗುತ್ತಿದ್ದರು. ಹಾಗೆ ನಕ್ಕಾಗಲೆಲ್ಲ ತಾಯಿಯ ಮೇಲೂ ಅವಳಿಗೆ ಉರಿದುಬೀಳುತ್ತಿತ್ತು.

ಬೀದಿಯವರು ಪರದೆ ಅಕ್ಕ ಎಂದು ಕರೆಯುತ್ತಿದ್ದುದು ಅವಳ ಕಸುಬಿನಿಂದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲೊಂದು ಹೊಲಿಗೆ ಮಿಷನ್ನು, ಬಟ್ಟೆ ಹಾಸಿ ಕತ್ತರಿಸಲು ಗೋಡೆಯುದ್ದದ ಮೇಜು, ಮೂಲೆಯಲ್ಲಿ ಪರದೆ ತೂಗುಹಾಕುವ ಕಂಬಿಗಳ ಕಟ್ಟು. ಅಂಗಿ, ಲಂಗ ಎಂದು ಬಂದವರನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದಳು. “ಮೈಗೆ ಹೊಲಿಯೋರು ಬೇಕಾದಷ್ಟು ಜನ ಇದಾರೆ, ಹೋಗಿ. ನಾನು ಮನೆಗೆ ಹೊಲಿಯೋಳು” ಎನ್ನುವಳು. ಹೊಸ ಗಿರಾಕಿಗಳಿಗೆ ಅವಳ ಮೊದಲ ಪಾಠ ಒಂದೇ. “ಎರಡು ಪರದೆ ನಡುವೆ ಒಂದು ಗೇಣು ಒಂದರ ಮೇಲೊಂದು ಬರ್ಬೇಕು. ಸಂದು ಬಿಟ್ರೆ ಪರದೆ ಯಾಕೆ? ಬೀದಿಯವರನ್ನೇ ಒಳಗೆ ಕರೆದು ಕೂರಿಸ್ಕೊಳ್ಳಿ.”

ಸಂದಿನ ವಿಷಯ ಅವಳಷ್ಟು ಬಲ್ಲವರು ಇರಲಿಲ್ಲ. ಎಲ್ಲೇ ಒಂದು ಸಂದು ಕಂಡರೂ ಅವಳ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಅದಕ್ಕೆ ಅವಳ ಕೆಲಸವೂ ಉಪ್ಪು ಖಾರ ಹಚ್ಚುತ್ತಿತ್ತು. ಮನೆಗೆ ಪರದೆ ಬರುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ಬಣ್ಣ ಬಳಿದಾಗಿರುತ್ತದೆ, ಮಂಚ ಕುರ್ಚಿ ಬಂದಿರುತ್ತವೆ. ಏಣಿ ಹತ್ತಿ ಕಂಬಿ ಕೂರಿಸುವಾಗ ಪರದೆ ಅಕ್ಕನಿಗೆ ಇಡೀ ಮನೆ ಮೇಲಿನಿಂದ ಕಾಣುತ್ತಿತ್ತು. ಈ ಮನೆಯ ಹೆಂಗಸಿಗೆ ಎಂಥ ಕನ್ನಡಿ, ಆ ಮನೆಯ ಗಂಡ ಹೆಂಡತಿಗಾಗಿ ಹೇಗೆ ಏಣಿ ಹಿಡಿದು ನಿಲ್ಲುತ್ತಾನೆ, ಎಲ್ಲ ನೋಡಿ, ಒಳಗೊಳಗೇ ಬೆಂದು, ಕೊನೆಗೆ ಆ ಸುಖದ ಮೇಲೆ ತನ್ನ ಕೈಯಾರೆ ಪರದೆ ಎಳೆದು ಬರುತ್ತಿದ್ದಳು.

ಅವಳ ಗಂಡ ತಕ್ಕಡಿ ರಿಪೇರಿ ಮಾಡುತ್ತಿದ್ದ. ಸಾಧು ಮನುಷ್ಯ. ಜಗತ್ತಿನಲ್ಲಿ ತೂಗಲು ಬರದ ವಸ್ತುವಿನ ಬಗ್ಗೆ ಅವನಿಗೆ ಆಸಕ್ತಿ ಇರಲಿಲ್ಲವಾದ್ದರಿಂದ ಹೆಂಡತಿಯ ಹೊಟ್ಟೆಕಿಚ್ಚಿನ ತಂಟೆಗೂ ಹೋಗುತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿ ಅವನ ತಮ್ಮನ ಸಂಸಾರ. ತಮ್ಮ ದೂರದ ದಾರಿಯ ಬಸ್ಸು ಓಡಿಸುವವನು, ಮನೆಯಲ್ಲಿ ಕಾಣುವುದೇ ಅಪರೂಪ. ಅವನ ಹೆಂಡತಿ, ಅಂದರೆ ಪರದೆ ಅಕ್ಕನ ಓರಗಿತ್ತಿ, ಗಿಡಗಳ ನರ್ಸರಿಯಲ್ಲಿ ಸಸಿ ಬೆಳೆಸುವ ಕೆಲಸ ಮಾಡುತ್ತಿದ್ದಳು. ಇಬ್ಬರಿಗೂ ಮಕ್ಕಳಿರಲಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ಪರದೆ ಅಕ್ಕನಿಗೆ ಓರಗಿತ್ತಿಯ ಮೇಲೆ ಯಾವ ದೂರೂ ಇರಲಿಲ್ಲ.

ಉಳಿದದ್ದೆಲ್ಲ ದೂರೇ. ಓರಗಿತ್ತಿ ಒಲೆಯ ಮೇಲೆ ಹಾಲಿಟ್ಟು ಮಾತಿಗೆ ನಿಂತರೂ ಹಾಲು ಉಕ್ಕುತ್ತಿರಲಿಲ್ಲ. ಪರದೆ ಅಕ್ಕ ಒಲೆಯ ಮುಂದೆ ಕಣ್ಣು ಪಿಳುಕಿಸದೆ ಕಾದರೂ ಉಕ್ಕುತ್ತಿತ್ತು. ಇಬ್ಬರೂ ಒಂದೇ ಗಿಡದ ಕಡ್ಡಿ ನೆಟ್ಟರೆ ಮೇಲಿನ ಕುಂಡದ್ದು ಚಿಗುರುವುದು, ಕೆಳಗಿನದು ಒಣಗುವುದು. ಬೀದಿನಾಯಿ ಪರದೆ ಅಕ್ಕ ಹಾಕಿದ ರೊಟ್ಟಿ ತಿಂದು, ಓರಗಿತ್ತಿಯ ಕಾಲ ಬಳಿ ಹೋಗಿ ಮಲಗುವುದು. ಇಷ್ಟಾಗಿಯೂ ಆ ಹುಡುಗಿ ಒಂದು ದಿನ ಜಂಬ ಮಾಡಿದವಳಲ್ಲ. ಅದೇ ಪರದೆ ಅಕ್ಕನಿಗೆ ತಡೆಯಲಾಗುತ್ತಿರಲಿಲ್ಲ. ಜಂಬದವಳಾಗಿದ್ದರೆ ಬಾಯಿ ತುಂಬ ಬಯ್ಯಬಹುದಿತ್ತು.

ಇಂಥ ಮನೆಗೆ ಮಹಾರಾಯ್ತಿ ಬಂದಳು. ಒಬ್ಬ ಗಿರಾಕಿ ತನ್ನ ಗೋಸುಂಬೆಗೆ ಬಲೆಬಟ್ಟೆಯ ಗೂಡು ಹೊಲಿಸಲು ಬಂದಿದ್ದ. ಪರದೆ ಅಕ್ಕ ಆಳೆತ್ತರದ ಗೂಡು ಹೊಲಿದು, ಬಾಗಿಲಿಗೆ ಜಿಪ್ಪು ಕೂರಿಸಿ ಕೊಟ್ಟಳು. ಕೆಲವು ತಿಂಗಳಿಗೆ ಅವನು ಊರು ಬಿಡುವವನಾಗಿ, ಗೂಡನ್ನೂ ಅದರೊಳಗಿನ ಜೀವವನ್ನೂ ತಂದು ಅವಳ ಮುಂದಿಟ್ಟು, “ನಿಮ್ಮ ಕೈಯಲ್ಲಾದ್ರೆ ಇದು ಬದುಕುತ್ತೆ ಅಕ್ಕ” ಎಂದ. ಯಾರಾದರೂ ಅವಳ ಕೈಯನ್ನು ಹೊಗಳಿದ್ದು ಎಷ್ಟೋ ಕಾಲದ ಮೇಲೆ. ಅವಳು ಒಪ್ಪಿಕೊಂಡುಬಿಟ್ಟಳು. ಕೊಂಬೆಯ ಮೇಲೆ ಒಂದು ಹೆಜ್ಜೆ ಇಡಲು ಹತ್ತು ಸಲ ಯೋಚಿಸುವ, ಒಂದು ಕಣ್ಣಲ್ಲಿ ನೆಲ ಇನ್ನೊಂದರಲ್ಲಿ ಸೂರು ನೋಡುವ ಆ ಪ್ರಾಣಿಗೆ ಮಿಡತೆ ತಿನ್ನಿಸಲು ಗೋಗರೆದು ಗೋಗರೆದು, “ತಿನ್ನೇ ಮಹಾರಾಯ್ತಿ” ಎನ್ನುತ್ತಿದ್ದುದೇ ಅದರ ಹೆಸರಾಯಿತು.

ಮಹಾರಾಯ್ತಿಯ ಗೂಡು ಅಂಗಡಿಯ ಮೂಲೆಯಲ್ಲಿ, ಮಿಷನ್ನಿನ ಪಕ್ಕದಲ್ಲೇ ಇತ್ತು. ಪರದೆ ಅಕ್ಕ ಹೊಲಿಯುತ್ತ ಅದರ ಜೊತೆ ಮಾತಾಡುವಳು, ಎಲೆಗಳ ಮೇಲೆ ನೀರು ಚಿಮುಕಿಸುವಳು. ಬೆಳಗ್ಗೆ ಎದ್ದ ಕೂಡಲೇ ಬಂದು ಮುಖ ತೋರಿಸುವಳು. ಆಗ ಮಹಾರಾಯ್ತಿ ಸುಟ್ಟ ಕಟ್ಟಿಗೆಯ ಬಣ್ಣಕ್ಕೆ ತಿರುಗಿ, ಮೈ ಚಪ್ಪಟೆ ಮಾಡಿ, ಪಕ್ಕಕ್ಕೆ ಹೊರಳಿ ಕೂರುತ್ತಿತ್ತು. ಇದರ ಸ್ವಭಾವವೇ ಹೀಗಿರಬೇಕು ಎಂದುಕೊಂಡಿದ್ದಳು. ಆಮೇಲೊಂದು ಮಧ್ಯಾಹ್ನ ಓರಗಿತ್ತಿ ನರ್ಸರಿಯಿಂದ ಬಂದವಳು ಹಾಗೇ ಒಳಗೆ ಇಣುಕಿ, “ಏನಮ್ಮ, ಚೆನ್ನಾಗಿದೀಯಾ?” ಎಂದು ಬೆರಳು ಚಾಚಿದಳು. ಮಹಾರಾಯ್ತಿ ತಳಿರಿನ ಹಸಿರಿಗೆ ತಿರುಗಿ, ಕೊಂಬೆಯಿಂದ ಇಳಿದು, ಆ ಬೆರಳು ಹತ್ತಿತು.

“ಎಷ್ಟು ಚಂದ ಬಣ್ಣ ಅಕ್ಕ ಇದರದ್ದು!” ಎಂದಳು ಓರಗಿತ್ತಿ.

ಪರದೆ ಅಕ್ಕನ ಕಾಲಡಿಯ ಮಿಷನ್ನು ನಿಂತುಹೋಯಿತು. ಅನ್ನ ಹಾಕುವವಳಿಗೆ ಕರಿ ಮೋರೆ, ಬಂದು ಹೋಗುವವಳಿಗೆ ಹಸಿರು! ಮನುಷ್ಯರು ಒಳಗೊಂದು ಹೊರಗೊಂದು ಇಟ್ಟುಕೊಳ್ಳುತ್ತಾರೆ, ಅಷ್ಟರಮಟ್ಟಿಗೆ ಬದುಕು ಸಹ್ಯವಾಗಿರುತ್ತದೆ. ಇದೋ, ತನ್ನ ಪಕ್ಷಪಾತವನ್ನು ಮೈತುಂಬ ಬಳಿದುಕೊಂಡು ತೋರಿಸುತ್ತಿತ್ತು. ಅವತ್ತಿನಿಂದ ಅವಳು ದಿನಾ ಎರಡೂ ಹೊತ್ತಿನ ಬಣ್ಣ ಹೋಲಿಸಿ ನೋಡಲು ಶುರುಮಾಡಿದಳು. ಬೆಳಗ್ಗೆ ತನಗೆ ಕಪ್ಪು, ಮಧ್ಯಾಹ್ನ ಅವಳಿಗೆ ಹಸಿರು. ಒಂದು ದಿನವೂ ತಪ್ಪಲಿಲ್ಲ.

ಹೀಗಿರುವಾಗ ಮಹಾರಾಯ್ತಿ ಮಿಡತೆ ಮುಟ್ಟುವುದನ್ನು ಬಿಟ್ಟಿತು. ಹೊಟ್ಟೆ ಎರಡೂ ಪಕ್ಕಕ್ಕೆ ಗಂಟು ಗಂಟಾಗಿ ಉಬ್ಬಿತು. ಕೊಂಬೆ ಬಿಟ್ಟು ಕೆಳಗಿಳಿದು, ಗೂಡಿನ ತಳದ ಬಟ್ಟೆಯನ್ನು ಉಗುರಿನಿಂದ ಕೆರೆಯುತ್ತ ಮೂಲೆಯಿಂದ ಮೂಲೆಗೆ ಅಲೆಯಿತು. ಗಂಡ ಅದನ್ನು ತನ್ನ ಅತಿ ಸೂಕ್ಷ್ಮದ ತಕ್ಕಡಿಯಲ್ಲಿಟ್ಟು, “ತಿನ್ನದೇ ಇದ್ರೂ ತೂಕ ಏರಿದೆಯಲ್ಲೇ! ನನ್ನ ತಕ್ಕಡಿ ಸುಳ್ಳು ಹೇಳಲ್ಲ” ಎಂದು ಬೆರಗಾದ.

ಇಬ್ಬರು ಹೆಂಗಸರೂ ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಹೋದರು. ಬುಟ್ಟಿ ಹಿಡಿದವಳು ಪರದೆ ಅಕ್ಕ. ದಾರಿಯಲ್ಲಿ ಓರಗಿತ್ತಿ, “ಕೈ ನೋಯುತ್ತೆ, ಕೊಡಿ ಅಕ್ಕ” ಎಂದರೂ ಕೊಡಲಿಲ್ಲ.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, “ಮೊಟ್ಟೆ ತುಂಬ್ಕೊಂಡಿದಾಳೆ” ಎಂದರು.

“ಗಂಡೇ ಇಲ್ಲವಲ್ಲಮ್ಮ ಮನೇಲಿ!” ಎಂದಳು ಪರದೆ ಅಕ್ಕ, ತನ್ನ ಮನೆಯ ಮಾನವೇ ಹೋದಂತೆ.

“ಹುಂಜ ಇಲ್ದೇನೂ ಕೋಳಿ ಮೊಟ್ಟೆ ಇಡಲ್ವಾ? ಹಾಗೇ. ಮರಿ ಆಗಲ್ಲ. ಆದ್ರೆ ಇಡಲೇಬೇಕು. ಇಡದೇ ಒಳಗೇ ಕಟ್ಕೊಂಡ್ರೆ ಸತ್ತೇ ಹೋಗ್ತಾಳೆ.” ಮುಂದೆ ಅವರು ಹೇಳಿದ್ದು ಇಷ್ಟು. ಒಂದು ಆಳವಾದ ಟಬ್ಬಿನ ತುಂಬ ಒದ್ದೆ ಮರಳು ಕೊಡಬೇಕು. ಅವಳು ಅದರಲ್ಲಿ ಬಿಲ ತೋಡಿ, ಒಳಗೆ ಮೊಟ್ಟೆಯಿಟ್ಟು, ತಾನೇ ಮುಚ್ಚಿ ಬರುತ್ತಾಳೆ. ಸುತ್ತ ದಪ್ಪ ಬಟ್ಟೆ ಕಟ್ಟಬೇಕು. “ಮಿಷನ್ ಸದ್ದು ಅಭ್ಯಾಸ ಆಗಿದ್ರೆ ಪರವಾಗಿಲ್ಲ. ಕಣ್ಣು ಮಾತ್ರ ಬೇಡ. ಬಿಲ ತೋಡುವಾಗ ಯಾರೋ ನೋಡ್ತಿದಾರೆ ಅಂತ ಗೊತ್ತಾದ್ರೆ ಅಷ್ಟಕ್ಕೇ ಬಿಟ್ಟು ಎದ್ದು ಬರ್ತಾಳೆ. ಹಾಗೆ ಮತ್ತೆ ಮತ್ತೆ ಆದ್ರೆ ಇಡೋ ಶಕ್ತಿನೇ ಉಳಿಯಲ್ಲ. ಹಗಲಲ್ಲಿ ಕಣ್ಣು ಮುಚ್ಚಿ ಕೂರೋಕೆ ಶುರು ಮಾಡಿದ್ಲು ಅಂದ್ರೆ ಕೈ ಮೀರ್ತಾ ಇದೆ ಅಂತ ತಿಳ್ಕೊಳ್ಳಿ.”

ಹೊರಡುವಾಗ ಪರದೆ ಅಕ್ಕ ತಡೆಯಲಾರದೆ ಬಣ್ಣದ ಮಾತೆತ್ತಿದಳು. ಡಾಕ್ಟರಮ್ಮ ನಕ್ಕರು. “ಬೆಳಗ್ಗೆ ಮೈ ತಣ್ಣಗಿರುತ್ತೆ, ಬಿಸಿ ಹೀರ್ಕೊಳ್ಳೋಕೆ ಕಪ್ಪಾಗ್ತಾಳೆ. ಮಧ್ಯಾಹ್ನ ಮೈ ಕಾದಿರುತ್ತೆ, ಹಸಿರಾಗ್ತಾಳೆ. ಅದಕ್ಕೂ ನಿಮಗೂ ಸಂಬಂಧ ಇಲ್ಲಮ್ಮ.” ಈ ಮಾತು ಪರದೆ ಅಕ್ಕನ ಕಿವಿಯವರೆಗೆ ಹೋಯಿತು, ಹೊಟ್ಟೆಯವರೆಗೆ ಇಳಿಯಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಓರಗಿತ್ತಿ ನರ್ಸರಿಯಿಂದ ದೊಡ್ಡ ಟಬ್ಬು ತಂದಳು. ಮರಳನ್ನು ಜರಡಿ ಹಿಡಿದು, ಸ್ವಲ್ಪ ಮಣ್ಣು ಬೆರೆಸಿ, ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಸುಕಿ ನೋಡಿದಳು. ಉಂಡೆ ಕಟ್ಟಬೇಕು, ನೀರು ಸೋರಬಾರದು. ಪರದೆ ಅಕ್ಕ ನೋಡುತ್ತ ನಿಂತಳು. ಮರಳು ಕೂಡ ಇವಳ ಮಾತು ಕೇಳುತ್ತದೆ. ಮಹಾರಾಯ್ತಿ ಈ ಮರಳಲ್ಲಿ ಮೊಟ್ಟೆಯಿಟ್ಟರೆ ನಾಳೆ ಬೀದಿಯವರೆಲ್ಲ ಇವಳ ಕೈಗುಣ ಎನ್ನುತ್ತಾರೆ.

ಆದರೆ ಪರದೆಯ ಕೆಲಸ ತನ್ನದು ತಾನೇ? ಅವಳು ಕಡುನೀಲಿ ಬಟ್ಟೆ ತೆಗೆದಳು. ಒಳಗೆ ದಪ್ಪ ಲೈನಿಂಗ್ ಕೊಟ್ಟು, ಗೂಡಿನ ನಾಲ್ಕೂ ಕಡೆ ನೆಲ ಮುಟ್ಟುವ ಹಾಗೆ ಅಳತೆ ಹಿಡಿದಳು. ಆ ಪರದೆಯನ್ನು ಅವಳು ಹೊಲಿದಂತೆ ದೊಡ್ಡ ಮನೆಗಳಿಗೂ ಹೊಲಿದಿರಲಿಲ್ಲ. ಕೊನೆಯ ಹೊಲಿಗೆ ಹಾಕುವಾಗ, ಮಿಷನ್ನಿನ ಮುಂದೆ ಕೂತರೆ ತನ್ನ ಕಣ್ಣಿಗೆ ಸರಿಯಾಗಿ ಬರುವ ಜಾಗದಲ್ಲಿ, ಎರಡು ಬೆರಳಿನಷ್ಟು ಹೊಲಿಯದೆ ಬಿಟ್ಟಳು.

‘ಗಾಳಿಗೆ’ ಎಂದುಕೊಂಡಳು.

ಗಾಳಿಗಂತೆ! ಗೂಡಿನ ಮೇಲ್ಭಾಗಕ್ಕೆ ಪರದೆಯೇ ಇರಲಿಲ್ಲ, ಬರೀ ಬಲೆ. ಸಂಗತಿ ಏನೆಂದರೆ, ಮೊದಲ ಮೊಟ್ಟೆಯನ್ನು ತಾನೇ ನೋಡಬೇಕು, ಓರಗಿತ್ತಿಗಿಂತ ಮೊದಲು ನೋಡಬೇಕು. ಆಮೇಲೆ ಅವಳನ್ನು ಕರೆದು, “ಬಾರೇ, ನಿನಗೂ ತೋರಿಸ್ತೀನಿ” ಎನ್ನಬೇಕು. ಜೀವಮಾನದಲ್ಲಿ ಒಂದು ಸಲವಾದರೂ ಅವಳಿಗಿಂತ ಮುಂದಿರಬೇಕು. ಅದಕ್ಕೆ ಎರಡು ಬೆರಳಿನ ಸಂದು ಬೇಕಿತ್ತು.

ಮಹಾರಾಯ್ತಿಗೆ ಮರಳು ಹಿಡಿಸಿತು. ಮೊದಲ ದಿನವೇ ಟಬ್ಬಿಗಿಳಿದು ಮುಂಗಾಲಿನಿಂದ ತೋಡತೊಡಗಿತು. ಪರದೆಯ ಈಚೆ ಪರದೆ ಅಕ್ಕ ಮಿಷನ್ನು ತುಳಿಯುತ್ತ, ಮರಳು ಸರಸರ ಬೀಳುವ ಸದ್ದಿಗೆ ಕಿವಿಗೊಟ್ಟಳು. ಸ್ವಲ್ಪ ಹೊತ್ತು ತಡೆದಳು. ಆಮೇಲೆ ಬಾಗಿ ಸಂದಿಗೆ ಕಣ್ಣಿಟ್ಟಳು. ತಲೆ ಬಿಲದೊಳಗಿತ್ತು, ಬಾಲ ಮಾತ್ರ ಹೊರಗಿತ್ತು. ನೋಡನೋಡುತ್ತಿದ್ದಂತೆ ಮಹಾರಾಯ್ತಿ ಹಿಂದಕ್ಕೆ ಸರಿದು ಬಂತು, ನಿಂತಿತು, ಬಿಲ ಬಿಟ್ಟು ಕೊಂಬೆ ಹತ್ತಿತು. ಮರುದಿನವೂ ಹಾಗೇ ಆಯಿತು. ಅರ್ಧ ತೋಡುವುದು, ಹೊರಬರುವುದು, ಕೊಂಬೆ ಹತ್ತಿ ಕಪ್ಪಗಾಗಿ ಕೂರುವುದು.

ಯಾರೋ ನೋಡುತ್ತಿದ್ದಾರೆ! ಡಾಕ್ಟರಮ್ಮ ಹೇಳಿದ್ದು ನೆನಪಾದ ಕೂಡಲೇ ಪರದೆ ಅಕ್ಕನ ಬುದ್ಧಿ ನೆಟ್ಟಗೆ ಮಹಡಿ ಮೆಟ್ಟಿಲು ಹತ್ತಿತು. ಓರಗಿತ್ತಿಯೇ ಇರಬೇಕು. ನಾನು ಅಡುಗೆಮನೆಗೆ ಹೋದಾಗ ಬಂದು ಪರದೆ ಸರಿಸಿ ನೋಡುತ್ತಿರಬೇಕು. ತನ್ನ ಎದುರಿಗೇ ಇಡಲಿ ಎಂಬ ಆಸೆ ಇರಬೇಕು ಮಿಟುಕಲಾಡಿಗೆ. ತನ್ನ ಕಣ್ಣು ಮಾತ್ರ ಅವಳ ಲೆಕ್ಕಕ್ಕೇ ಬರಲಿಲ್ಲ. ಸಾಕಿದವಳ ಕಣ್ಣು ಎಲ್ಲಾದರೂ ಕಣ್ಣಾಗುತ್ತದೆಯೇ?

ಸಂಜೆ ಓರಗಿತ್ತಿ ಬಾಗಿಲಾಚೆಯೇ ನಿಂತು, “ಇಟ್ಲಾ ಅಕ್ಕ?” ಎಂದು ಕೇಳಿದ್ದೇ ತಡ, ಪರದೆ ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು.

“ನೀನು ಇಡೋಕೆ ಬಿಟ್ರೆ ತಾನೇ?”

“ನಾನೇನು ಮಾಡಿದೆ ಅಕ್ಕ?”

“ಕದ್ದು ನೋಡ್ತೀಯ. ನಿನ್ನ ಕಣ್ಣು ಕಂಡರೆ ಅದಕ್ಕೆ ಹೆದರಿಕೆ. ಬಣ್ಣ ಬದಲಾಯಿಸಿ ನಿನ್ನ ಬೆರಳು ಹತ್ತಿಬಿಡ್ತು ಅಂತ ಅದರ ಹೆರಿಗೇನೂ ನಿನ್ನದೇ ಅಂದ್ಕೊಂಡ್ಯಾ? ಅದು ಸತ್ರೆ ನಿನ್ನಿಂದಾನೇ ಕಣೇ ಸಾಯೋದು.”

ಓರಗಿತ್ತಿಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. “ನಾನು ಈ ಎರಡು ದಿನ ಅಂಗಡಿ ಹೊಸಿಲು ದಾಟಿಲ್ಲ ಅಕ್ಕ” ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿ ಹೋದಳು. ಗಂಡ ತಕ್ಕಡಿಯ ಬಟ್ಟಲು ಒರೆಸುತ್ತ, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು” ಎಂದು ಗೊಣಗಿದ. “ನಿಮ್ಮ ತಮ್ಮನ ಹೆಂಡತೀನೇ ಸಾಕ್ಕೊಳ್ಳಿ” ಎಂದು ಅವನಿಗೂ ಒಂದು ಬಿತ್ತು.

ಅವತ್ತಿನಿಂದ ಓರಗಿತ್ತಿ ನರ್ಸರಿಯಿಂದ ಬಂದವಳು ಅಂಗಡಿಯ ಕಡೆ ತಿರುಗಿಯೂ ನೋಡದೆ ಮೇಲೆ ಹೋಗುತ್ತಿದ್ದಳು. ಶತ್ರುವನ್ನು ಓಡಿಸಿಯಾಯಿತು, ಇನ್ನು ಮಹಾರಾಯ್ತಿ ಮೊಟ್ಟೆಯಿಡಬೇಕಿತ್ತು. ಇಡಲಿಲ್ಲ. ಕಣ್ಣಗುಡ್ಡೆಗಳು ಒಳಗಿಳಿದಿದ್ದವು. ಗಂಡ ತೂಗಿ ನೋಡಿ ಈ ಸಲ ಬೆರಗಾಗಲಿಲ್ಲ. “ಹೊಟ್ಟೆ ಹಾಗೇ ಇದೆ, ತೂಕ ಇಳಿದಿದೆ. ಮೈಯೇ ಕರಗ್ತಾ ಇದೆ ಕಣೇ” ಎಂದ. ಅವಳಿಗೆ ಅಳು ಬಂತು. ಹೊಟ್ಟೆಕಿಚ್ಚಿನವರಿಗೆ ಪ್ರೀತಿ ಕಡಿಮೆ ಎಂದು ಯಾರೂ ತಿಳಿಯಬೇಡಿ. ಅವರಿಗೆ ಅದು ಉಳಿದವರಿಗಿಂತ ಒಂದು ಹಿಡಿ ಹೆಚ್ಚೇ ಇರುತ್ತದೆ, ಹಂಚಲು ಮಾತ್ರ ಬರುವುದಿಲ್ಲ.

ಮಾರನೆಯ ಮಧ್ಯಾಹ್ನ ಮತ್ತೆ ಮರಳಿನ ಸದ್ದು ಕೇಳಿತು. ನಿಧಾನ, ನಿಲ್ಲಿಸಿ ನಿಲ್ಲಿಸಿ. ಗಂಡ ಕೆಲಸಕ್ಕೆ ಹೋಗಿದ್ದ. ಓರಗಿತ್ತಿ ಬೀದಿಯ ಆಚೆ ತುದಿಯಲ್ಲಿ ಹಾಲಿನವಳ ಜೊತೆ ಮಾತಾಡುತ್ತಿರುವುದು ಅಂಗಡಿಯ ಬಾಗಿಲಿನಿಂದ ಕಾಣುತ್ತಿತ್ತು, ನಗುವುದೂ ಕೇಳುತ್ತಿತ್ತು. ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. ಪರದೆ ಅಕ್ಕ ಬಾಗಿ ಸಂದಿಗೆ ಕಣ್ಣಿಟ್ಟಳು.

ಮಹಾರಾಯ್ತಿ ಬಿಲದ ಬಾಯಲ್ಲಿ ಕೂತಿತ್ತು. ಮೂತಿಗೆ ಮರಳು ಮೆತ್ತಿತ್ತು. ಎರಡೂ ಕಣ್ಣು ಮುಚ್ಚಿತ್ತು, ಹಾಡುಹಗಲಲ್ಲಿ. ಡಾಕ್ಟರಮ್ಮನ ಮಾತು ನೆನಪಾಯಿತು. ಆಗ ಈಚೆ ಕಡೆಯ ಕಣ್ಣು ತೆರೆಯಿತು. ಆ ಗುಂಡು ರೆಪ್ಪೆಯ ನಡುವಿನ ಚುಕ್ಕೆ ನೆಲ ನೋಡಲಿಲ್ಲ, ಸೂರು ನೋಡಲಿಲ್ಲ. ಮೆಲ್ಲಗೆ ತಿರುಗಿ, ತಿರುಗಿ, ಸಂದಿನ ಮೇಲೆ ಬಂದು ನಿಂತಿತು. ಸುತ್ತ ನಾಲ್ಕು ಗೋಡೆಯಷ್ಟು ನೀಲಿ ಬಟ್ಟೆ ಇತ್ತು. ಅದು ನೋಡಿದ್ದು ಆ ಎರಡು ಬೆರಳಿನ ಜಾಗವನ್ನೇ. ಎಷ್ಟು ಸಲ ಅಲ್ಲಿ ನೋಡಿ ನೋಡಿ ರೂಢಿಯಾಗಿತ್ತೋ. ಆಮೇಲೆ ಮಹಾರಾಯ್ತಿ ಬಿಲಕ್ಕೆ ಬೆನ್ನು ಹಾಕಿ, ಕಾಲೆಳೆಯುತ್ತ ಕೊಂಬೆಯ ಕಡೆಗೆ ಹೊರಟಿತು.

ಹೊರಗೆ ಓರಗಿತ್ತಿ ಇನ್ನೂ ನಗುತ್ತಿದ್ದಳು.

ಪರದೆ ಅಕ್ಕ ಸಂದಿನಿಂದ ಕಣ್ಣು ತೆಗೆದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸುತ್ತಮುತ್ತಲಿನವರಿಗೆಲ್ಲ ಸಂದು ಬಿಡಬೇಡಿ ಎಂದು ಪಾಠ ಹೇಳಿದವಳು, ತಾನು ಸಾಕಿದ ಜೀವಕ್ಕೆ ಕಟ್ಟಿದ ಪರದೆಯಲ್ಲಿ ಸಂದು ಬಿಟ್ಟು, ಅದರಲ್ಲಿ ತನ್ನದೇ ಕಣ್ಣು ತುರುಕಿದ್ದಳು. ಮಿಷನ್ನಿನ ಪಕ್ಕದಲ್ಲಿ ಚುಚ್ಚಿಟ್ಟಿದ್ದ ಸೂಜಿ ಕೈಗೆ ಸಿಕ್ಕಿತು. ಅದರಲ್ಲಿದ್ದದ್ದು ಬಿಳಿ ದಾರ. ನೀಲಿ ದಾರ ಹುಡುಕುವ ತಾಳ್ಮೆ ಇರಲಿಲ್ಲ. ಮುಖ ಆಚೆ ತಿರುಗಿಸಿಕೊಂಡು, ಬೆರಳಿನಿಂದಲೇ ತಡವುತ್ತ, ಸಂದನ್ನು ಹೊಲಿದು ಮುಚ್ಚಿದಳು.

ಹೊಲಿದ ಮೇಲೂ ಧೈರ್ಯ ಬರಲಿಲ್ಲ. ಹೊಲಿದ ಕೈಗೆ ಬಿಚ್ಚಲೂ ಬರುತ್ತದೆ. ಸದ್ದು ಕೇಳಿದರೆ ಕೈ ಸುಮ್ಮನಿರುವುದಿಲ್ಲ ಎಂದು ಅವಳಿಗೆ ತನ್ನ ವಿಷಯ ಚೆನ್ನಾಗಿ ಗೊತ್ತಿತ್ತು. ಗಂಡನನ್ನು ಕಾವಲಿಡೋಣವೆಂದರೆ ಅವನು ತೂಗಿ ನೋಡುವ ನೆಪದಲ್ಲಿ ಪರದೆ ಎತ್ತುವವನೇ. ಉಳಿದವಳು ಒಬ್ಬಳು. ಇಡೀ ರಾತ್ರಿ ಅವಳು ಬೇರೆ ಯಾರ ಹೆಸರಾದರೂ ಸಿಗುತ್ತದೆಯೇ ಎಂದು ಹುಡುಕಿದಳು.

ಬೆಳಗ್ಗೆ ಮೆಟ್ಟಿಲು ಹತ್ತಿದಳು. ಓರಗಿತ್ತಿ ಒಲೆಯ ಮೇಲೆ ಹಾಲಿಟ್ಟು ತಲೆ ಬಾಚಿಕೊಳ್ಳುತ್ತಿದ್ದಳು. ಹಾಲು ಉಕ್ಕಿರಲಿಲ್ಲ.

“ಇವತ್ತು ನರ್ಸರಿಗೆ ರಜಾ ಅಲ್ವಾ ನಿನಗೆ?”

“ಹೌದು ಅಕ್ಕ.”

“ನಾನು ಒಂದು ಮನೆಗೆ ಪರದೆ ಹಾಕೋಕೆ ಹೋಗ್ಬೇಕು, ಸಂಜೆ ತನಕ ಬರಲ್ಲ.” ಸೆರಗಿನ ಗಂಟು ಬಿಚ್ಚಿ ಅಂಗಡಿಯ ಬೀಗದ ಕೈ ಮುಂದೆ ಹಿಡಿದಳು. ಆ ಬೀಗದ ಕೈಯನ್ನು ಅವಳು ಗಂಡನಿಗೂ ಕೊಟ್ಟವಳಲ್ಲ. “ಬೀಗ ಹಾಕಿದೀನಿ. ಇದು ನಿನ್ನ ಹತ್ರ ಇರ್ಲಿ. ಯಾರನ್ನೂ ಒಳಗೆ ಬಿಡ್ಬೇಡ.”

ಓರಗಿತ್ತಿ ಬಾಚಣಿಗೆ ಕೆಳಗಿಟ್ಟಳು. “ನನ್ನ ಕಣ್ಣು ಕಂಡರೆ ಮಹಾರಾಯ್ತಿಗೆ ಹೆದರಿಕೆ ಅಂದಿದ್ರಲ್ಲ ಅಕ್ಕ.”

“ಅಂದಿದ್ದೆ.” ಅವಳು ಬೀಗದ ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. “ತಗೋ ಈಗ.”

ಆ ದಿನ ಪರದೆ ಅಕ್ಕ ಪಟ್ಟ ಪಾಡು ಯಾರಿಗೂ ಬೇಡ. ಏಣಿಯ ಮೇಲೆ ನಿಂತರೂ ಅವಳಿಗೆ ಗಿರಾಕಿಯ ಮನೆ ಕಾಣಲಿಲ್ಲ, ತನ್ನ ಅಂಗಡಿಯೇ ಕಾಣುತ್ತಿತ್ತು. ಬೀಗದ ಕೈ ಅವಳ ಬಳಿ ಇದೆ. ಬಾಗಿಲು ತೆರೆದಿರುತ್ತಾಳೆ. ಪರದೆಯನ್ನು ಒಂದಿಷ್ಟೇ ಸರಿಸಿರುತ್ತಾಳೆ. ಮಹಾರಾಯ್ತಿ ಅವಳಿಗೆ ಹೆದರುವುದಿಲ್ಲ, ಹಸಿರಾಗಿ ಅವಳ ಕಣ್ಣೆದುರೇ ಇಡುತ್ತದೆ. ಮುತ್ತಿನಂಥ ಮೊಟ್ಟೆಗಳು, ಒಂದಾದ ಮೇಲೊಂದು. ನಾಳೆ ಬೀದಿಗೆಲ್ಲ ಹೇಳುತ್ತಾಳೆ. ಇಲ್ಲ, ಹೇಳುವುದೂ ಇಲ್ಲ, ಆ ಹಾಳಾದವಳು ಯಾವತ್ತೂ ಏನನ್ನೂ ಹೇಳಿಕೊಳ್ಳುವುದಿಲ್ಲ! ಸೂಜಿ ಬೆರಳಿಗೆ ಚುಚ್ಚಿತು. ಕೆಳಗಿನಿಂದ ಮನೆಯ ಯಜಮಾನಿ ಮೆತ್ತಗೆ ಕೇಳಿದಳು, “ಅಕ್ಕಾ, ಹಕ್ಕಿಗಳೆಲ್ಲ ತಲೆಕೆಳಗಾಗಿ ಹಾರ್ತಿವೆಯಲ್ಲ?” ಚಿತ್ತಾರದ ಪರದೆಯನ್ನು ಅವಳು ಬುಡ ಮೇಲಾಗಿ ತೂಗುಹಾಕಿದ್ದಳು. ಅವಳ ಕಸುಬಿನಲ್ಲಿ ಹಿಂದೆಂದೂ ಹೀಗಾಗಿರಲಿಲ್ಲ.

ಮಧ್ಯಾಹ್ನ ಒಮ್ಮೆ ಮನೆಗೆ ಓಡಿಹೋಗಬೇಕೆನಿಸಿ ಚಪ್ಪಲಿ ಮೆಟ್ಟಿದಳು. ಬಾಗಿಲವರೆಗೆ ಬಂದು ನಿಂತಳು. ಆ ಮರಳು ಮೆತ್ತಿದ ಮೂತಿ, ಸಂದಿನ ಕಡೆ ತಿರುಗಿದ ಆ ಕಣ್ಣು ನೆನಪಾಯಿತು. ಚಪ್ಪಲಿ ಬಿಟ್ಟು ಮತ್ತೆ ಏಣಿ ಹತ್ತಿದಳು.

ಸಂಜೆ ಬಂದಾಗ ಓರಗಿತ್ತಿ ಮಹಡಿಯ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ, ಅಂಗಡಿಯ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಬೀಗದ ಕೈ ಮುಷ್ಟಿಯಲ್ಲಿತ್ತು. ಮುಷ್ಟಿ ಬಿಚ್ಚಿದಾಗ ಅಂಗೈಯ ಮೇಲೆ ಅದರ ಅಚ್ಚು ಮೂಡಿತ್ತು.

“ತುಂಬ ಹೊತ್ತು ತೋಡೋ ಸದ್ದು ಕೇಳ್ತು ಅಕ್ಕ. ಆಮೇಲೆ ಏನೂ ಇಲ್ಲ, ನಿಶ್ಶಬ್ದ. ಆಮೇಲೆ ಮತ್ತೆ ಮರಳು ಎಳೆಯೋ ಸದ್ದು. ನಾನು ನೋಡಿಲ್ಲ. ನೀವೇ ಮೊದಲು ನೋಡಿ.”

ಪರದೆ ಅಕ್ಕ ನಂಬಲಿಲ್ಲ. ನಂಬದೇ ಇರಲು ತಯಾರಾಗಿಯೇ ಹೋಗಿದ್ದಳು. ಬೆಳಗ್ಗೆ ಬೀಗ ಹಾಕುವ ಮುಂಚೆ ಪರದೆಯ ಎರಡು ಅಂಚಿಗೆ ಅಡ್ಡವಾಗಿ ಒಂದೆಳೆ ದಾರ ಅಂಟಿಸಿಟ್ಟಿದ್ದಳು, ಯಾರೇ ಸರಿಸಿದರೂ ಹರಿಯುವ ಹಾಗೆ. ಒಳಗೆ ಹೋದವಳು ಮೊದಲು ನೋಡಿದ್ದು ಆ ದಾರವನ್ನು. ಇಟ್ಟಂತೆಯೇ ಇತ್ತು. ಅವಳಿಗೆ ಸಮಾಧಾನವಾಗಬೇಕಿತ್ತು, ಉರಿಯಿತು. ಓರಗಿತ್ತಿ ಒಂದು ಸಲವಾದರೂ ಇಣುಕಿದ್ದರೆ ಇಬ್ಬರೂ ಸರಿಸಮ ಆಗುತ್ತಿದ್ದರು. ಬೀಗದ ಕೈ ಕೈಯಲ್ಲಿದ್ದೂ ನೋಡದೇ ಕೂರುವಷ್ಟು ಒಳ್ಳೆಯತನ ಯಾರು ಕೇಳಿದ್ದರು ಇವಳನ್ನು?

ದಾರ ಹರಿದು ಪರದೆ ಸರಿಸಿದಳು. ಟಬ್ಬಿನ ಮರಳು ಯಾರೋ ಕೈಯಿಂದ ತಟ್ಟಿ ಸವರಿದಂತೆ ಸಮವಾಗಿತ್ತು, ಬಿಲದ ಗುರುತೇ ಇರಲಿಲ್ಲ. ಕೊಂಬೆಯ ಮೇಲೆ ಮಹಾರಾಯ್ತಿ ಕೂತಿತ್ತು. ಹೊಟ್ಟೆ ಖಾಲಿ ಚೀಲದಂತೆ ಜೋತಿತ್ತು, ಮೈಯೆಲ್ಲ ಮಣ್ಣು. ಎರಡೂ ಕಣ್ಣು ತೆರೆದಿದ್ದವು.

“ಇಟ್ಟಿದೀಯೇನೇ ಮಹಾರಾಯ್ತಿ!” ಎಂದು ಪರದೆ ಅಕ್ಕ ಬಿಕ್ಕಿದಳು. ಎಲೆಯ ತುದಿಯ ಮೇಲೆ ಹನಿ ಹನಿಯಾಗಿ ನೀರು ಬಿಟ್ಟಳು. ಮಹಾರಾಯ್ತಿ ಬಾಯಿ ತೆರೆದು, ಕುಡಿದು, ನಿಲ್ಲಿಸಿ, ಮತ್ತೆ ಕುಡಿಯಿತು. ಕುಡಿಯುತ್ತಿದ್ದಂತೆ ಮಣ್ಣಿನ ಅಡಿಯಿಂದ ಪಕ್ಕೆಯ ಮೇಲೆ ಮಾಸಲು ಹಸಿರೊಂದು ಏರಿತು. ಪರದೆ ಅಕ್ಕ ಉಸಿರು ಹಿಡಿದಳು. ತಿರುಗಿ ನೋಡಿದರೆ ಓರಗಿತ್ತಿ ಅಷ್ಟರಲ್ಲಿ ಒಳಗೆ ಬಂದು ಹಿಂದೆಯೇ ನಿಂತಿದ್ದಳು. ಹಸಿರು ಬಂದದ್ದು ಅವಳು ಬರುವ ಮುಂಚೆಯೋ, ಬಂದ ಮೇಲೋ? ಆ ಒಂದು ಕ್ಷಣದ ಲೆಕ್ಕವನ್ನು ಪರದೆ ಅಕ್ಕ ಇವತ್ತಿಗೂ ಹಾಕುತ್ತಿದ್ದಾಳೆ.

ಗಂಡ ಬಂದು ಮಹಾರಾಯ್ತಿಯನ್ನು ತೂಗಿದ. “ಹಗುರಾದ್ಲು ನೋಡೇ!” ಎಂದು ಹಿಗ್ಗಿದ. ಮೂವರೂ ಸೇರಿ ಮರಳು ಕೆದಕಿ ಮೊಟ್ಟೆಗಳನ್ನು ತೆಗೆದರು. ಮೆತ್ತಗಿನ, ಬಿಳಿಯ, ಒಂದಕ್ಕೊಂದು ಅಂಟಿಕೊಂಡ ಮೊಟ್ಟೆಗಳು. “ಒಂದರಲ್ಲೂ ಮರಿ ಇಲ್ಲ. ಇದಕ್ಕಾಗಿ ಇಬ್ಬರೂ ಮಾತು ಬಿಟ್ರಿ” ಎಂದ ಗಂಡ.

ಓರಗಿತ್ತಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಮಣ್ಣಾದ ಪರದೆಯನ್ನು ಕಂಬಿಯಿಂದ ಇಳಿಸಿದಳು. ಅಂಚಿಗೆ ಅಂಚು ಕೂಡಿಸಿ ಮಡಚುತ್ತ ಬಂದವಳ ಹೆಬ್ಬೆರಳು ಒಂದು ಕಡೆ ನಿಂತಿತು. ಕಡುನೀಲಿ ಬಟ್ಟೆಯ ಮೇಲೆ ಎರಡು ಬೆರಳುದ್ದಕ್ಕೆ ಬಿಳಿ ದಾರದ ಒರಟು ಹೊಲಿಗೆ ಇತ್ತು. ಓರಗಿತ್ತಿ ಅದನ್ನು ನೋಡಿದಳು. ಅದರ ನೇರ ಮಿಷನ್ನಿನ ಮುಂದಿದ್ದ ಸ್ಟೂಲನ್ನು ನೋಡಿದಳು. ಪರದೆ ಅಕ್ಕ ಕೈ ಎಲ್ಲಿಡಬೇಕೋ ತಿಳಿಯದೆ, ಕುಂಬಳಕಾಯಿ ಕಳ್ಳ ಎಂದವರು ಯಾರೂ ಇಲ್ಲದಿದ್ದರೂ ತನ್ನ ಹೆಗಲನ್ನು ತಾನೇ ಮುಟ್ಟಿಕೊಂಡಳು. ಇನ್ನೇನು ಕೇಳುತ್ತಾಳೆ, ಕೇಳಲಿ, ಬಯ್ಯಲಿ. ತಿರುಗಿ ನಾಲ್ಕು ಮಾತು ಬಯ್ದರೆ ಬಾಕಿ ತೀರುತ್ತದೆ.

“ಒಗೆದು ಒಣಗಿಸಿ ತಂದಿಡ್ತೀನಿ ಅಕ್ಕ” ಎಂದಳು ಓರಗಿತ್ತಿ. “ಮುಂದಿನ ಸಲಕ್ಕೆ ಬೇಕಾಗುತ್ತೆ.” ಬಿಳಿ ಹೊಲಿಗೆ ಒಳಗಾಗುವ ಹಾಗೆ, ಭಾವನ ಕಣ್ಣಿಗೆ ಬೀಳದ ಹಾಗೆ, ಬಟ್ಟೆಯನ್ನು ಇನ್ನೊಂದು ಸಲ ಮಡಚಿ ಎದೆಗಪ್ಪಿಕೊಂಡು ಮೆಟ್ಟಿಲು ಹತ್ತಿದಳು.

ಪರದೆ ಅಕ್ಕ ಸ್ಟೂಲಿನ ಮೇಲೆ ಕುಸಿದಳು. ಅವಳ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಮತ್ತೆ ಹತ್ತಿಕೊಂಡಿತ್ತು, ಹಿಂದೆಂದಿಗಿಂತ ಜೋರಾಗಿ. ಪರದೆ ಹೊಲಿಯುವುದು ತಾನು, ಮುಚ್ಚುವುದನ್ನು ಕಲಿತವಳು ಅವಳು.